ಮುರಿದ ದವಡೆಯ ಜೋಡಣೆ

ಕೈ ಮುರಿದರೆ ದಬ್ಬೆ ಕಟ್ಟಿ ಅಲುಗದಂತೆ ಇರಿಸಬಹುದು. ಮಾತಿಗೂ ಊಟಕ್ಕೂ, ಕಡೆಗೆ ಉಗುಳು ನುಂಗುವುದಕ್ಕೂ ಅಲುಗುವ ಕೆಳದವಡೆಗೆ ದಬ್ಬೆ ಕಟ್ಟುವುದೆಂತು? ಹುಬ್ಬಳ್ಳಿ-ಧಾರವಾಡಗಳ ನಡುವಣ ಸತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ದಂತವೈದ್ಯ ಮಹಾವಿದ್ಯಾಲಯದಂಥ ಸಂಸ್ಥೆಗಳಲ್ಲಿ, ವಾಹನದಿಂದ ಬಿದ್ದು ಬಂದವರನ್ನು ಕಂಡಾಗಲೆಲ್ಲ ಶಸ್ತ್ರವೈದ್ಯರ ಮುಂದಿರುವ ಪ್ರಶ್ನೆಯಿದು.

ಹಳೆಯ ಉತ್ತರವು ಹಲ್ಲುಗಳಲ್ಲಿಯೇ ಇತ್ತು. ಮುರಿದೆಡೆಯ ಅಕ್ಕಪಕ್ಕದ ಹಲ್ಲುಗಳನ್ನು ಚಿನ್ನದ ಎಳೆಯಿಂದ ಬಿಗಿಯುವ ಕ್ರಮವನ್ನು ಗ್ರೀಸಿನ ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥಗಳು ಹೇಳುತ್ತವೆ. 1887ರಲ್ಲಿ ಅಮೆರಿಕದ ಗಿಲ್ಮರ್ ಎಂಬ ವೈದ್ಯನು ಮೇಲಣ ಸಾಲಿಗೆ ಕೆಳಗಣ ಸಾಲನ್ನು ತಂತಿಯಿಂದ ಕಟ್ಟುವ ವಿಧಾನವನ್ನು ಬಳಕೆಗೆ ತಂದನು. ಹಲ್ಲುಗಳು ಮೊದಲಿನಂತೆ ಒಂದಕ್ಕೊಂದು ಕೂಡಿದರೆ ಎಲುಬೂ ತನ್ನ ಸ್ಥಾನಕ್ಕೆ ಬರುತ್ತದೆ. ಯುಕ್ತಿಯು ಸರಿಯೆ. ಆದರೆ ನಾಲ್ಕರಿಂದ ಆರು ವಾರ ಬಾಯಿ ತೆರೆಯುವಂತಿಲ್ಲ. ಜೋಳದ ರೊಟ್ಟಿಯ ನಾಡಿನಲ್ಲಿ ಬರಿಯ ಗಂಜಿ, ಹಾಲು, ತಿಳಿಸಾರು ಸಣ್ಣ ಶಿಕ್ಷೆಯಲ್ಲ! ರೋಗಿಯು ವಾಂತಿ ಮಾಡಿಕೊಂಡರೆ ಉಸಿರಿಗೇ ಅಪಾಯ. ಆದುದರಿಂದ ತಂತಿ ಕತ್ತರಿಸುವ ಇಕ್ಕಳವನ್ನು ಹಾಸಿಗೆಯ ಬಳಿಯಲ್ಲಿಯೇ ಇರಿಸಬೇಕು.

1970ರ ದಶಕದಲ್ಲಿ ಫ್ರಾನ್ಸಿನ ಮಿಶೆಲೆ, ಶಾಂಪಿ ಎಂಬ ವೈದ್ಯರು ಬೇರೆ ದಾರಿ ತೋರಿದರು. ಹಸಿಯ ಕಡ್ಡಿಯೊಂದನ್ನು ಬಗ್ಗಿಸಿ ನೋಡಿರಿ: ಒಂದು ಮಗ್ಗುಲು ಬಿರಿಯುತ್ತದೆ, ಇನ್ನೊಂದು ಒತ್ತಿಕೊಳ್ಳುತ್ತದೆ. ನಾವು ಕಚ್ಚುವಾಗ ಮುರಿದ ದವಡೆಯ ಮೇಲಂಚು ಹೀಗೆಯೇ ಬಿರಿಯುವುದು. ಅಲ್ಲಿಯೇ ಒಂದು ತೆಳು ಲೋಹಪಟ್ಟಿಯನ್ನು ತಿರುಪುಗಳಿಂದ ಕೂಡಿಸಿದರೆ ಕೆಳಗಿನ ಅಂಚು ತಾನಾಗಿ ಒತ್ತಿ ಕೂಡುತ್ತದೆ. ಗದ್ದದ ಬಳಿ ಎಲುಬು ತಿರುಚಿಕೊಳ್ಳುವುದರಿಂದ ಅಲ್ಲಿಗೆ ಎರಡು ಪಟ್ಟಿ ಬೇಕು. ಹಲ್ಲಿನ ಬೇರಿಗೂ ನರಕ್ಕೂ ತಾಗದಂತೆ ತಿರುಪು ಹೊರಪದರದಲ್ಲಷ್ಟೆ ಹಿಡಿಯುತ್ತದೆ. ಪಟ್ಟಿಯು ಈಗ ಸಾಮಾನ್ಯವಾಗಿ ಟೈಟೇನಿಯಮ್ಮಿನದು. ಅನೇಕ ವೇಳೆ ಬಾಯಿಯ ಒಳಗಿನಿಂದಲೇ ಹಾಕಬಹುದಾದುದರಿಂದ ಮುಖದ ಮೇಲೆ ಕಲೆ ಉಳಿಯದು. ಎಲುಬು ಚೂರುಚೂರಾಗಿದ್ದರೆ ಮಾತ್ರ ದಪ್ಪ ಪಟ್ಟಿಯೇ ಬೇಕು.

ತಂತಿಗೆ ಇನ್ನೂ ನಿವೃತ್ತಿಯಿಲ್ಲ. ಪಟ್ಟಿ ಕೂಡಿಸುವ ಮುನ್ನ ಹಲ್ಲುಗಳನ್ನು ಕಟ್ಟಿ ಕಚ್ಚುವಿಕೆಯನ್ನು ಸರಿಪಡಿಸಿಕೊಳ್ಳುವುದು ರೂಢಿ.

ಇನ್ನು ಮಕ್ಕಳ ಮಾತು. ಶ್ರೋತೃಗಳು ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದರೆ ಅಲುಗುವ ಕೀಲು ತಿಳಿಯುತ್ತದೆ. ಗದ್ದ ಊರಿ ಬಿದ್ದ ಮಗುವಿನ ಪೆಟ್ಟು ಅಲ್ಲಿಗೆ ಸಾಗಿ ಅದನ್ನು ಮುರಿಯಬಹುದು; ಕಣ್ಣಿಗೆ ಕಾಣುವುದು ಗದ್ದದ ಗಾಯವೊಂದೇ. ಇಲ್ಲಿ ಬಹುಮಟ್ಟಿಗೆ ಪಟ್ಟಿ ಬೇಡ, ದೀರ್ಘ ಬಂಧನವೂ ಬೇಡ. ವೈದ್ಯರ ಸಲಹೆಯಂತೆ ಬೇಗನೆ ಬಾಯಿ ತೆರೆಯುವ ಅಭ್ಯಾಸವೇ ಮುಖ್ಯ. ಅಲಕ್ಷಿಸಿದರೆ ಕೀಲು ತಲೆಬುರುಡೆಗೆ ಬೆಸೆದುಕೊಂಡು ಬಾಯಿ ಮುಚ್ಚಿಯೇ ಉಳಿದೀತು, ದವಡೆಯ ಬೆಳವಣಿಗೆಯೂ ಕುಂಠಿತವಾದೀತು. ಗದ್ದಕ್ಕೆ ಹೊಲಿಗೆ ಹಾಕಿಸಿಕೊಂಡು ಬಂದ ಮಗುವಿಗೆ ಬಾಯಿ ಪೂರ್ತಿ ತೆರೆಯಲು ಬಾರದಿದ್ದರೆ ಅದೇ ದಿನ ಕೀಲಿನ ಚಿತ್ರ ತೆಗೆಸಬೇಕು.