ಸ್ಥಳ ಬದಲಿಸಿದರೂ ಆಕಾರ ಬದಲಿಸದ ನಕ್ಷೆ

ಒಂದು ಸಂಖ್ಯೆಯು ಸೊನ್ನೆಯಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಮಾತ್ರ ಗಣಿಸಿ, ಯಾವ ದಿಕ್ಕಿನಲ್ಲಿದೆ ಎಂಬುದನ್ನು ಬಿಟ್ಟುಬಿಡುವ ಅಳತೆಗೆ ಆ ಸಂಖ್ಯೆಯ ನಿರಪೇಕ್ಷ ಮೌಲ್ಯವೆಂದು ಹೆಸರು. 5ರ ನಿರಪೇಕ್ಷ ಮೌಲ್ಯವು 5. −5ರ ನಿರಪೇಕ್ಷ ಮೌಲ್ಯವೂ 5. ಸಂಖ್ಯೆಯ ಎರಡು ಪಕ್ಕಗಳಲ್ಲಿ ನೆಟ್ಟಗೆರೆಗಳನ್ನೆಳೆದು ಇದನ್ನು ಸೂಚಿಸುವ ಕ್ರಮವನ್ನು ಜರ್ಮನಿಯ ಗಣಿತಜ್ಞ ಕಾರ್ಲ್ ವೈಯರ್‌ಸ್ಟ್ರಾಸ್ 1841ರಲ್ಲಿ ಬಳಸಿದನು.

ಅಡ್ಡ ಅಕ್ಷದ ಮೇಲಿನ ಬೆಲೆಯನ್ನು 'ಕ್ಷ' ಎಂದೂ ಲಂಬ ಅಕ್ಷದ ಮೇಲಿನದನ್ನು 'ಯ' ಎಂದೂ ಕರೆದು, ಯ = |ಕ್ಷ| ಎಂಬ ಉತ್ಪನ್ನದ ನಕ್ಷೆಯನ್ನು ಬರೆಯೋಣ. ಕ್ಷ ಕ್ರಮವಾಗಿ −2, −1, 0, 1, 2 ಆದಾಗ ಯ ಕ್ರಮವಾಗಿ 2, 1, 0, 1, 2 ಆಗುತ್ತದೆ. ಬಿಂದುಗಳನ್ನು ಗುರುತಿಸಿ ಸೇರಿಸಿದರೆ, ಮೂಲಬಿಂದುವಿನಿಂದ ಎಡಕ್ಕೂ ಬಲಕ್ಕೂ ಓರೆಯಾಗಿ ಮೇಲೇರುವ ಎರಡು ಸರಳರೇಖೆಗಳು ದೊರೆಯುತ್ತವೆ. ಅವೆರಡೂ ಕೂಡುವ ಮೂಲೆಯೇ ಶೃಂಗ. ಅದು ತಳದಲ್ಲಿದ್ದರೂ ಹಾಗೆ ಕರೆಯುವುದು ವಾಡಿಕೆ.

ಯ = |ಕ್ಷ| + 2 ಎಂದು ಬರೆದರೆ ಪ್ರತಿಯೊಂದು ಬಿಂದುವಿನ ಎತ್ತರವೂ 2 ಮಾನದಷ್ಟು ಹೆಚ್ಚುತ್ತದೆ; ನಕ್ಷೆಯು ಇಡಿಯಾಗಿ ಮೇಲೇಳುತ್ತದೆ. 2ನ್ನು ಕಳೆದರೆ ಕೆಳಗಿಳಿಯುತ್ತದೆ. ಈ ಲಂಬ ಸ್ಥಾನಾಂತರದಲ್ಲಿ ಯಾರಿಗೂ ಸಂಶಯವಿಲ್ಲ.

ತೊಡಕು ಹುಟ್ಟುವುದು ಅಡ್ಡ ಸ್ಥಾನಾಂತರದಲ್ಲಿ. ಯ = |ಕ್ಷ − 3| ಎಂಬುದರ ನಕ್ಷೆ ಎಡಕ್ಕೆ ಸರಿಯಬೇಕಲ್ಲವೆ? ಋಣಚಿಹ್ನೆಯನ್ನು ಕಂಡ ಅನೇಕ ವಿದ್ಯಾರ್ಥಿಗಳು ಹಾಗೆಯೇ ಭಾವಿಸುತ್ತಾರೆ. ಆದರೆ ಅದು ಸರಿಯುವುದು ಬಲಕ್ಕೆ! ಇದನ್ನು ನಿಯಮವೆಂದು ಬಾಯಿಪಾಠ ಮಾಡಬೇಕಾಗಿಲ್ಲ. ರಸ್ತೆಯ 3ನೆಯ ಕಿಲೋಮೀಟರು ಕಲ್ಲಿನ ಬಳಿ ಒಬ್ಬನು ನಿಂತಿದ್ದಾನೆನ್ನೋಣ. 5ನೆಯ ಕಲ್ಲು ಅವನಿಂದ 2 ಕಿಲೋಮೀಟರು ದೂರ. 1ನೆಯ ಕಲ್ಲೂ ಅಷ್ಟೇ ದೂರ. |ಕ್ಷ − 3| ಎಂದರೆ 3ರಿಂದ ಅಳೆದ ಈ ದೂರವೇ. ದೂರವು ಸೊನ್ನೆಯಾಗುವುದು 3ರಲ್ಲಿ. ಆದುದರಿಂದ ಶೃಂಗವೂ ಅಲ್ಲಿಯೇ ಇರಬೇಕು. |ಕ್ಷ + 3| ಎಂಬುದು |ಕ್ಷ − (−3)| ಎಂಬುದಕ್ಕೆ ಸಮ. ಅದು −3ರಿಂದ ಅಳೆದ ದೂರವಾದ್ದರಿಂದ ನಕ್ಷೆ ಎಡಕ್ಕೆ ಸರಿಯುತ್ತದೆ.

ಎರಡು ಸ್ಥಾನಾಂತರಗಳನ್ನೂ ಕೂಡಿಸಿದಾಗ ನಕ್ಷೆಯ ಪ್ರಯೋಜನ ಸ್ಪಷ್ಟವಾಗುತ್ತದೆ. ಯ = |ಕ್ಷ − 3| − 2 ಎಂಬುದರ ಶೃಂಗ (3, −2); ನಕ್ಷೆಯು ಅಡ್ಡ ಅಕ್ಷವನ್ನು 1 ಮತ್ತು 5ರಲ್ಲಿ ಕತ್ತರಿಸುತ್ತದೆ. |ಕ್ಷ − 3| − 2 = 0 ಎಂಬ ಸಮೀಕರಣದ ಮೂಲಗಳು ಅವೇ. −2ರ ಬದಲು +2 ಇದ್ದರೆ ನಕ್ಷೆಯು ಅಕ್ಷವನ್ನು ಮುಟ್ಟುವುದೇ ಇಲ್ಲ. ಸಮೀಕರಣಕ್ಕೆ ಪರಿಹಾರವಿಲ್ಲವೆಂಬುದು ಲೆಕ್ಕ ಮಾಡದೆಯೇ ಕಾಣುತ್ತದೆ.

ಇದು ಕಾಗದದ ಮೇಲಿನ ಆಟ ಮಾತ್ರವಲ್ಲ. ಕಾರ್ಖಾನೆಯೊಂದರಲ್ಲಿ 25 ಮಿಲಿಮೀಟರು ವ್ಯಾಸದ ಉಕ್ಕಿನ ಸರಳುಗಳನ್ನು ತಯಾರಿಸುತ್ತಾರೆ, 0.05 ಮಿಲಿಮೀಟರಿನವರೆಗೆ ವ್ಯತ್ಯಾಸವನ್ನು ಒಪ್ಪುತ್ತಾರೆ ಎಂದಿಟ್ಟುಕೊಳ್ಳಿ. ಆಗ ಯ = |ಕ್ಷ − 25| − 0.05 ಎಂಬ ನಕ್ಷೆಯೇ ಪರೀಕ್ಷಕ. ಅದು ಅಕ್ಷವನ್ನು ದಾಟುವ 24.95 ಮತ್ತು 25.05ರ ನಡುವಣ ಸರಳುಗಳು ಸ್ವೀಕಾರಾರ್ಹ. 24.93 ಮಿಲಿಮೀಟರಿನ ಸರಳಿಗೆ ಯದ ಬೆಲೆ +0.02 ಆಗುವುದರಿಂದ ಅದು ತಿರಸ್ಕೃತ. ಸರಳು ದಪ್ಪವೋ ತೆಳುವೋ ಎಂಬುದಲ್ಲ, ಗುರಿಯಿಂದ ಎಷ್ಟು ದೂರ ಸರಿದಿದೆ ಎಂಬುದೇ ಇಲ್ಲಿನ ಪ್ರಶ್ನೆ.

ಓದುಗರು ಯ = |ಕ್ಷ + 4| − 1 ಎಂಬುದರ ನಕ್ಷೆಯನ್ನು ಬರೆದು ನೋಡಲಿ. ಶೃಂಗವು (−4, −1)ರಲ್ಲಿ ಬಿದ್ದು, ಅಕ್ಷವು −5 ಮತ್ತು −3ರಲ್ಲಿ ಕತ್ತರಿಸಲ್ಪಟ್ಟರೆ ವಿಷಯ ಮನದಟ್ಟಾಯಿತೆಂದೇ ತಿಳಿಯಬಹುದು.