ಮೂರನೇ ವಾರದ ಕಾಲುನೋವು

ಮೊದಲ ವಾರ ಬರೀ ಏದುಸಿರು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಇನ್ನೂರು ಹೆಜ್ಜೆ ಓಡುವಷ್ಟರಲ್ಲಿ ಎದೆ ಬಾಯಿಗೆ ಬಂದಂತಾಗಿ, ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದೆ. ಎರಡನೇ ವಾರ ಉಸಿರು ಹದಕ್ಕೆ ಬಂತು. ಮೂರನೇ ವಾರದ ಸೋಮವಾರ ಎಲ್ಲೂ ನಿಲ್ಲದೆ ಮೂರು ಕಿಲೋಮೀಟರ್ ಓಡಿ, ಮನೆಗೆ ಬಂದು ಅದನ್ನು ಎರಡೆರಡು ಸಲ ಹೇಳಿಕೊಂಡೆ. ಮಂಗಳವಾರ ಹಾಸಿಗೆಯಿಂದ ಕಾಲು ಕೆಳಗಿಟ್ಟರೆ ಎರಡೂ ಕಾಲಿನ ಒಳಮಗ್ಗುಲಲ್ಲಿ, ಪಾದದ ಗಂಟಿನಿಂದ ಒಂದು ಗೇಣು ಮೇಲೆ, ಹಲ್ಲುನೋವಿನಂಥ ನೋವು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯಬೇಕಾಯಿತು.

ಆದರೂ ಬಿಡಲಿಲ್ಲ. 82 ಕಿಲೋ ತೂಕವನ್ನು ಎಪ್ಪತ್ತಕ್ಕೆ ಇಳಿಸಬೇಕೆಂದು ಡಾಕ್ಟರು ಹೇಳಿದ್ದರು. ನಾನು ಅದಕ್ಕೊಂದು ತಾರೀಕನ್ನೂ ಗೊತ್ತುಮಾಡಿಕೊಂಡಿದ್ದೆ. ಬುಧವಾರ ಕುಂಟುತ್ತ ಓಡುತ್ತಿದ್ದಾಗ, ದಿನಾ ಎದುರಾಗುವ ನಿವೃತ್ತ ಪೊಲೀಸ್ ಹೆಡ್ ಕಾನ್‌ಸ್ಟೇಬಲ್ ಒಬ್ಬರು ತಡೆದರು. "ಏನ್ ಸಾರ್, ಮೊಳಕಾಲ್ ಕೆಳಗೆ ಒಳಗಡೆ ನೋವಾ? ಟ್ರೈನಿಂಗಲ್ಲಿ ನಮ್ ಬ್ಯಾಚಲ್ಲಿ ಎಷ್ಟೋ ಜನಕ್ಕೆ ಬಂದಿತ್ತು. ಅರಿಶಿನ ಸುಣ್ಣ ಹಚ್ಕೊಂಡು ಓಡ್ಸೋರು ನಮ್ಮನ್ನ. ನಿಮಗ್ಯಾರು ಓಡ್ಸೋರು? ಸುಮ್ನೆ ನಡೀರಿ."

ಓಟಗಾರರು ಇದನ್ನು ಶಿನ್ ಸ್ಪ್ಲಿಂಟ್ಸ್ ಅನ್ನುತ್ತಾರೆ. ವೈದ್ಯರು ಬಳಸುವ ಹೆಸರು ಉದ್ದ: ಮೀಡಿಯಲ್ ಟಿಬಿಯಲ್ ಸ್ಟ್ರೆಸ್ ಸಿಂಡ್ರೋಮ್. ಮೊಳಕಾಲಿನಿಂದ ಪಾದದವರೆಗೆ ಇಳಿಯುವ ದಪ್ಪ ಮೂಳೆಯೇ ಟಿಬಿಯಾ. ಮಟನ್ ಅಂಗಡಿಯಲ್ಲಿ ನಲ್ಲಿ ಮೂಳೆ ಎಂದು ಕೇಳಿ ಹಾಕಿಸಿಕೊಳ್ಳುತ್ತೇವಲ್ಲ, ಅದರ ಜಾತಿಯದೇ. ಹೊರಗೆ ಗಟ್ಟಿ ಕೊಳವೆ, ಒಳಗೆ ಮಜ್ಜೆ. ಇದರ ಮುಂಭಾಗಕ್ಕೂ ಒಳಮಗ್ಗುಲಿಗೂ ಮಾಂಸದ ಹೊದಿಕೆಯೇ ಇಲ್ಲ. ಚರ್ಮದ ಕೆಳಗೆ ನೇರ ಮೂಳೆ. ಮೂಳೆಯನ್ನು ಸುತ್ತಿರುವ ತೆಳು ಪೊರೆಯಲ್ಲಿ ನೋವಿನ ನರಗಳು ಒತ್ತೊತ್ತಾಗಿವೆ. ಕತ್ತಲಲ್ಲಿ ಮಂಚದ ಅಂಚಿಗೆ ಕಾಲು ಬಡಿದಾಗ ಕಣ್ಣಲ್ಲಿ ನೀರು ಬರುವುದು ಇದಕ್ಕೇ.

ನಡೆಯುವುದಕ್ಕೂ ಓಡುವುದಕ್ಕೂ ಇರುವ ವ್ಯತ್ಯಾಸ ಬರೀ ವೇಗದ್ದಲ್ಲ. ನಡೆಯುವಾಗ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಒಂದು ಕ್ಷಣ ಎರಡೂ ಪಾದ ಗಾಳಿಯಲ್ಲಿ. ಅಂದರೆ ಓಟ ಎನ್ನುವುದು ಒಂದರ ಹಿಂದೊಂದು ಜಿಗಿತ. ಜಿಗಿದವನು ಇಳಿಯಲೇಬೇಕು. ಇಳಿದಾಗ ನೆಲ ತಿರುಗಿ ಕೊಡುವ ಒತ್ತು ಮೈತೂಕದ ಎರಡರಿಂದ ಮೂರು ಪಟ್ಟು. ನನ್ನ ತೂಕಕ್ಕೆ ಕಮ್ಮಿಯೆಂದರೂ ಒಂದೂವರೆ ಕ್ವಿಂಟಾಲ್: 25 ಕಿಲೋದ ಆರೇಳು ಅಕ್ಕಿ ಚೀಲಗಳು ಒಂದೇ ಕಾಲಿನ ಮೇಲೆ. ನಿಧಾನದ ಓಟದಲ್ಲಿ ಕಿಲೋಮೀಟರಿಗೆ ಸುಮಾರು 1,200 ಹೆಜ್ಜೆ; ಮೂರು ಕಿಲೋಮೀಟರಿಗೆ ಕಾಲೊಂದಕ್ಕೆ 1,800 ಸಲ ಆ ಹೊರೆ. ಮೀನಖಂಡದ ಸ್ನಾಯುಗಳು ಜಗ್ಗುವ ಬಲವನ್ನೂ ಸೇರಿಸಿದರೆ ಮೂಳೆಯ ಒಳಗಿನ ಒತ್ತಡ ಇದರ ಎರಡು ಪಟ್ಟಿಗೂ ಮಿಗಿಲು.

ಇಷ್ಟು ಹೊರೆಗೆ ಮೂಳೆ ಬಾಗುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ, ಬಿದಿರಿನ ಗಳುವಿನ ಮೇಲೆ ಭಾರವಿಟ್ಟಾಗ ಆಗುವಂಥ ಬಾಗು, ಅದರ ನೂರಾರು ಪಾಲು ಸೂಕ್ಷ್ಮವಾಗಿ. ಟಿಬಿಯಾ ಕೆಳಗಿನ ಮೂರನೇ ಒಂದು ಭಾಗ ಶುರುವಾಗುವ ಕಡೆ ಅತಿ ಸಪೂರ. ನೋವು ಕೂರುವುದೂ ಅಲ್ಲೇ. ಬಾಗು ಹೆಚ್ಚಾಗದಂತೆ ಹಿಂದಿನಿಂದ ಬಿಗಿಹಿಡಿಯುವುದು ಮೀನಖಂಡದ ಕೆಲಸ. ಅದು ದಣಿಯಿತೆಂದರೆ ಮೂಳೆ ಒಂಟಿ. ನೋವು ಹುಟ್ಟುವುದು ಸ್ನಾಯುಗಳು ಪೊರೆಯನ್ನು ಜಗ್ಗುವುದರಿಂದಲೋ, ಮೂಳೆಯೇ ಬಾಗಿ ಬಾಗಿ ಸೋಲುವುದರಿಂದಲೋ ಎಂಬ ವಾದ ವೈದ್ಯರಲ್ಲಿ ಇನ್ನೂ ಮುಗಿದಿಲ್ಲ. ಸ್ವೀಡನ್ನಿನ ಸಂಶೋಧಕರು ಈ ನೋವಿದ್ದ ಆಟಗಾರರ ಮೂಳೆಯನ್ನು ಅಳೆದಾಗ, ನೋವಿರುವ ಜಾಗದಲ್ಲೇ ಸಾಂದ್ರತೆ ಕಮ್ಮಿಯಿತ್ತು. ವಾಸಿಯಾದ ಮೇಲೆ ಅದು ತಿರುಗಿ ತುಂಬಿಕೊಂಡಿತ್ತು. ಹಾಗಾಗಿ ನನ್ನ ಓಟು ಮೂಳೆಯ ಕಡೆಗೆ.

ಮೂಳೆ ಕಲ್ಲಲ್ಲ, ಜೀವವಿರುವ ವಸ್ತು. ಹೊರೆ ಬಿದ್ದಂತೆ ತನ್ನನ್ನು ತಿದ್ದಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಸಮಸ್ಯೆ ಇರುವುದು ತಿದ್ದಿಕೊಳ್ಳುವ ಕ್ರಮದಲ್ಲಿ. ನಮ್ಮ ಊರಿನ ರಸ್ತೆ ರಿಪೇರಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲು ಬರುವವರು ಅಗೆಯುವವರು: ಆಸ್ಟಿಯೋಕ್ಲಾಸ್ಟ್ ಎಂಬ ಕೋಶಗಳು ಸವೆದ ಮೂಳೆಯನ್ನು ಕರಗಿಸಿ ಗುಂಡಿ ತೋಡುತ್ತವೆ. ಅವುಗಳ ಕೆಲಸ ಎರಡು ಮೂರು ವಾರದಲ್ಲಿ ಮುಗಿಯುತ್ತದೆ. ಆಮೇಲೆ ತುಂಬುವವರು: ಆಸ್ಟಿಯೋಬ್ಲಾಸ್ಟ್‌ಗಳು. ಅವಕ್ಕೆ ಬೇಕು ಮೂರು ತಿಂಗಳಿಗೂ ಹೆಚ್ಚು. ಅಗೆದದ್ದಾಯಿತು, ಜಲ್ಲಿ ಬಂದಿಲ್ಲ, ಟಾರಿನ ಮಾತೇ ಇಲ್ಲ. ಅಷ್ಟರಲ್ಲಿ ಲಾರಿಗಳನ್ನು ಬಿಟ್ಟರೆ ಹೇಗೋ ಹಾಗೆ. ಹೊಸ ಓಟಗಾರನ ಮೂಳೆ ಶುರುಮಾಡಿದ ದಿನಕ್ಕಿಂತ ಮೂರು ನಾಲ್ಕನೇ ವಾರದಲ್ಲೇ ಹೆಚ್ಚು ನಾಜೂಕಾಗಿರಬಹುದು. ಉಸಿರೋ, ಎರಡೇ ವಾರದಲ್ಲಿ ಪಳಗಿ, ಇನ್ನೂ ಓಡು ಎಂದು ಹುರಿದುಂಬಿಸುತ್ತಿರುತ್ತದೆ.

ಸೈನ್ಯದವರಿಗೆ ಇದು ಹಳೆಯ ಕಥೆ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ಕವಾಯತು ಮಾಡುವ ಎಳೆಯ ಸೈನಿಕರ ಪಾದ ಏಟು ಬೀಳದೆಯೂ ಊದಿಕೊಂಡು ನೋಯುವುದನ್ನು ದಾಖಲಿಸಿದ. ಎಕ್ಸ್‌ರೇ ಬಂದ ಮೇಲೆ, 1897ರಲ್ಲಿ ಗೊತ್ತಾಯಿತು, ಅದು ಪಾದದ ಮೂಳೆಗಳ ಬಿರುಕು ಎಂದು. ಶಿನ್ ಸ್ಪ್ಲಿಂಟ್ಸ್ ಬಿರುಕಲ್ಲ. ಆದರೆ ಅದೇ ದಾರಿಯಲ್ಲಿ ಹಿಂದಿನ ಸ್ಟಾಪು ಅನ್ನಬಹುದು.

ಈಗ ತೂಕದ ಮಾತು. ಅವಸರ ಶುರುವಾಗುವುದೇ ಅಲ್ಲಿಂದ. ಓಟದಲ್ಲಿ ಖರ್ಚಾಗುವ ಶಕ್ತಿಗೆ ಸುಲಭ ಲೆಕ್ಕವಿದೆ: ಒಂದು ಕಿಲೋ ಮೈತೂಕಕ್ಕೆ, ಒಂದು ಕಿಲೋಮೀಟರಿಗೆ, ಹೆಚ್ಚುಕಮ್ಮಿ ಒಂದು ಕ್ಯಾಲೊರಿ. ವೇಗ ಎಷ್ಟೇ ಇರಲಿ, ಇದು ಹೆಚ್ಚು ಬದಲಾಗುವುದಿಲ್ಲ. ಮೂರು ಕಿಲೋಮೀಟರಿಗೆ ನನಗೆ 250ರ ಆಸುಪಾಸು. ಓಟ ಮುಗಿಸಿ ಗುಂಪು ಕಟ್ಟಿಕೊಂಡು ಹೋಟೆಲಿಗೆ ಹೋಗಿ ತಿನ್ನುವ ಒಂದು ಮಸಾಲೆ ದೋಸೆಯಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ, ಬೆಣ್ಣೆ ಬೇರೆ. ಮೈಯಲ್ಲಿನ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ. ಮೈಸೂರಿನಿಂದ ಬೆಂಗಳೂರಿನ ದಾರಿ ಹಿಡಿದು ಓಡಿದರೆ ನಾನು ಒಂದು ಕಿಲೋ ಕರಗಿಸುವುದು ರಾಮನಗರದ ಹತ್ತಿರ, ಅದೂ ಮದ್ದೂರಿನಲ್ಲಿ ವಡೆಗೆ ನಿಲ್ಲದಿದ್ದರೆ.

ಇನ್ನೂ ಒಂದು ಬೇಸರದ ಸುದ್ದಿ ಇದೆ. ಟಾಂಜಾನಿಯಾದ ಹಾಡ್ಜಾ ಜನ ಇಂದಿಗೂ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು, ದಿನವಿಡೀ ನಡೆಯುವವರು. ಅವರು ದಿನಕ್ಕೆ ಎಷ್ಟು ಶಕ್ತಿ ಖರ್ಚುಮಾಡುತ್ತಾರೆಂದು ಅಮೆರಿಕದ ಹರ್ಮನ್ ಪಾಂಟ್ಸರ್ ಮತ್ತು ಸಂಗಡಿಗರು ಅಳೆದರು. 2012ರಲ್ಲಿ ಹೊರಬಂದ ಫಲಿತಾಂಶ ಎಲ್ಲರನ್ನೂ ಚಕಿತಗೊಳಿಸಿತು: ಮೈಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ, ಕುರ್ಚಿಯಲ್ಲಿ ಕೂತು ದುಡಿಯುವ ಪಾಶ್ಚಾತ್ಯರ ಖರ್ಚಿಗೂ ಅವರದಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಒಂದು ಕಡೆ ಹೆಚ್ಚು ಖರ್ಚಾದರೆ ದೇಹ ಇನ್ನೊಂದು ಕಡೆ ಕೈ ಬಿಗಿಹಿಡಿಯುತ್ತದೆ ಎನ್ನುವುದು ಪಾಂಟ್ಸರ್ ವಾದ. ಓಟದಿಂದ ಹೃದಯಕ್ಕೆ, ಸಕ್ಕರೆ ಹತೋಟಿಗೆ, ನಿದ್ದೆಗೆ ಆಗುವ ಲಾಭ ನಿಜ, ಅದಕ್ಕಾಗಿಯೇ ಓಡಬಹುದು. ತೂಕ ಮಾತ್ರ ಮುಖ್ಯವಾಗಿ ಇಳಿಯುವುದು ತಟ್ಟೆಯಲ್ಲಿ. ಇದನ್ನು ಮೊದಲೇ ಒಪ್ಪಿಕೊಂಡಿದ್ದರೆ ಆ ಸೋಮವಾರ ಮೂರು ಕಿಲೋಮೀಟರ್ ಓಡುವ ದರ್ದೇ ನನಗಿರಲಿಲ್ಲ.

ಜಾಗಿಂಗ್ ಹುಟ್ಟಿದ್ದೂ ಅವಸರಕ್ಕಾಗಿ ಅಲ್ಲ. ನ್ಯೂಜಿಲೆಂಡಿನ ಕೋಚ್ ಆರ್ಥರ್ ಲಿಡಿಯಾರ್ಡ್ 1960ರ ದಶಕದ ಆರಂಭದಲ್ಲಿ ಆಕ್ಲೆಂಡಿನ ನಡುವಯಸ್ಸಿನವರನ್ನು, ಹೃದ್ರೋಗಿಗಳನ್ನೂ ಸೇರಿಸಿ, ಮೆಲ್ಲಗೆ ಓಡಿಸತೊಡಗಿದ. ಪಕ್ಕದವರ ಜೊತೆ ಮಾತಾಡಿಕೊಂಡು ಓಡುವಷ್ಟೇ ವೇಗ, ಅದೇ ನಿಯಮ. 1962ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಕೋಚ್ ಬಿಲ್ ಬಾವರ್‌ಮನ್, ಮುಂದೆ ನೈಕಿ ಕಂಪನಿ ಕಟ್ಟಿದವರಲ್ಲಿ ಒಬ್ಬ, ಈ ಗುಂಪಿನ ಜೊತೆ ಗುಡ್ಡ ಹತ್ತಲು ಹೋಗಿ ಹಿಂದೆ ಬಿದ್ದ. ಎಪ್ಪತ್ತು ದಾಟಿದ ಮುದುಕರೊಬ್ಬರು ಅವನಿಗಾಗಿ ನಿಧಾನಿಸಿ ಜೊತೆಕೊಟ್ಟರಂತೆ. ಊರಿಗೆ ಮರಳಿದವನು 1967ರಲ್ಲಿ ಹೃದ್ರೋಗ ತಜ್ಞರೊಬ್ಬರ ಜೊತೆ ಸೇರಿ ಜಾಗಿಂಗ್ ಬಗ್ಗೆಯೇ ಪುಸ್ತಕ ಬರೆದ.

ಹಾಗಾದರೆ ಎಷ್ಟು ನಿಧಾನ? ವಾರಕ್ಕೆ ಶೇಕಡ ಹತ್ತಕ್ಕಿಂತ ಹೆಚ್ಚಿಸಬೇಡಿ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ನೆದರ್‌ಲೆಂಡ್ಸಿನ ಗ್ರೋನಿಂಗನ್‌ನಲ್ಲಿ ಹೊಸ ಓಟಗಾರರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿ, 2008ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ 8 ವಾರದ ತರಬೇತಿ, ಇನ್ನೊಂದಕ್ಕೆ ಹತ್ತರ ಸೂತ್ರದಂತೆ 13 ವಾರದ್ದು. ಎರಡರಲ್ಲೂ ಐವರಲ್ಲಿ ಒಬ್ಬರಿಗೆ ಗಾಯ! ಅಂದರೆ ಶೇಕಡಾವಾರು ಲೆಕ್ಕ ಯಾರನ್ನೂ ಕಾಪಾಡುವುದಿಲ್ಲ. ಅವರವರ ಕಾಲನ್ನು ಅವರವರೇ ಕೇಳಬೇಕು. ಬ್ರಿಟನ್ನಿನ ಆರೋಗ್ಯ ಸೇವೆ ಹಂಚುವ 9 ವಾರದ ಒಂದು ಕ್ರಮವನ್ನು ನಾನು ಹಿಡಿದೆ: ವಾರಕ್ಕೆ ಮೂರೇ ದಿನ, ಮೊದಲ ವಾರ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ, ಹೀಗೆ 20 ನಿಮಿಷ. ಅದರ ಒಂದೊಂದು ವಾರವನ್ನು ನಾನು ಎರಡು ಮಾಡಿಕೊಂಡೆ. ಮರುದಿನ ಬೆಳಿಗ್ಗೆ ಕಾಲು ನೋಯುತ್ತಿದ್ದರೆ ಮುಂದಿನ ಹಂತಕ್ಕೆ ಹೋಗುವಂತಿಲ್ಲ, ಅಷ್ಟೇ.

ಅದಕ್ಕೆ ಮೊದಲು ನಾಲ್ಕು ವಾರ ಓಟ ಪೂರ್ತಿ ಬಂದ್ ಮಾಡಿದ್ದೆ. ನಡಿಗೆ, ಸೈಕಲ್ಲು ನಡೆಯುತ್ತಿತ್ತು. ನೋವಿದ್ದಾಗ ಐಸ್ ಒತ್ತಿದರೆ ಹಾಯೆನಿಸುತ್ತದೆ, ಮೂಳೆಯೇನೂ ಬೇಗ ತುಂಬುವುದಿಲ್ಲ. ನೋವಿನ ಮಾತ್ರೆ ನುಂಗಿ ಓಡುವುದಂತೂ ಫೈರ್ ಅಲಾರಂ ವೈರು ಕಿತ್ತು ಮಲಗಿದ ಹಾಗೆ. ಕೆಲಸಕ್ಕೆ ಬಂದದ್ದು ಮೀನಖಂಡದ ಕಸರತ್ತು: ಅಡುಗೆಮನೆ ಕಟ್ಟೆ ಹಿಡಿದು ತುದಿಗಾಲಲ್ಲಿ ಏರಿ ಮೆಲ್ಲಗೆ ಇಳಿಯುವುದು. ಕುಕ್ಕರು ಮೂರು ಸೀಟಿ ಹೊಡೆಯುವಷ್ಟರಲ್ಲಿ ನಲವತ್ತು ಸಲ ಆಗುತ್ತದೆ. ಹೆಜ್ಜೆಯನ್ನು ಗಿಡ್ಡ ಮಾಡಿ ಎಣಿಕೆ ಹೆಚ್ಚಿಸಿದ್ದರಿಂದ ಹೊಡೆತವೂ ತಗ್ಗಿತು. ಶೂ? ಮಗನ ಹಳೆಯ ಶೂ ಬಿಟ್ಟು ಅಳತೆಗೆ ಸರಿಯಾದದ್ದು ಕೊಂಡೆ. ಅದಕ್ಕಿಂತ ದುಬಾರಿಯದು ಅಂಗಡಿಯವರಿಗೆ ಲಾಭ.

ಪಾದ ತುಸು ಚಪ್ಪಟೆ ಇದ್ದವರಿಗೆ ಈ ನೋವು ಬೇಗ ಅಂಟಿಕೊಳ್ಳುತ್ತದೆ. ಬಚ್ಚಲಿಂದ ಒದ್ದೆಗಾಲಲ್ಲಿ ಬಂದು ಕೆಂಪು ನೆಲದ ಮೇಲೆ ಹೆಜ್ಜೆಯಿಟ್ಟು ನೋಡಿ: ಒಳಬದಿಯ ಕಮಾನು ಕಾಣದೆ ಇಡೀ ಪಾದ ಮೂಡಿದರೆ ನೀವು ಆ ಪೈಕಿ. ಹೆಂಗಸರಿಗೆ, ಭಾರದ ಮೈಯವರಿಗೆ, ಹಿಂದೊಮ್ಮೆ ಬಂದುಹೋದವರಿಗೂ ಅಪಾಯ ಜಾಸ್ತಿ. ತೂಕ ಇಳಿಸಲೆಂದು ಊಟ ತೀರಾ ಕಡಿದುಕೊಂಡರೆ ಗುಂಡಿ ತುಂಬಲು ಜಲ್ಲಿಯೂ ಇಲ್ಲ, ಸಿಮೆಂಟೂ ಇಲ್ಲ. ಬಿಸಿಲಿಗೆ ಬರವಿಲ್ಲದ ನಮ್ಮಲ್ಲೂ ವಿಟಮಿನ್ ಡಿ ಕೊರತೆ ಮಾಮೂಲು.

ಹೆಬ್ಬೆರಳಿನಿಂದ ಮೂಳೆಯ ಒಳಂಚನ್ನು ಒತ್ತುತ್ತ ಬನ್ನಿ. ನೋವು ನಾಲ್ಕು ಬೆರಳಗಲವೋ ಅದಕ್ಕಿಂತ ಉದ್ದಕ್ಕೋ ಹರಡಿದ್ದರೆ ಶಿನ್ ಸ್ಪ್ಲಿಂಟ್ಸ್ ಇರಬಹುದು. ಬದಲಿಗೆ ಒಂದೇ ಚುಕ್ಕೆಯಲ್ಲಿ ಚುರುಕ್ಕೆಂದರೆ, ಒಂಟಿಗಾಲಲ್ಲಿ ಕುಪ್ಪಳಿಸಲಾಗದಿದ್ದರೆ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆ ಬಿರುಕುಬಿಟ್ಟಿರಬಹುದು; ಡಾಕ್ಟರ ಹತ್ತಿರ ಹೋಗಿ. ಮೊದಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಇರಬಹುದು, ಆಗ ಎಂಆರ್‌ಐ ಬೇಕಾಗುತ್ತದೆ. ಓಡುವಾಗ ಪಾದ ಜೋಮು ಹಿಡಿದರೆ, ಒಂದೇ ಕಾಲು ಊದಿ ಬಿಸಿಯಾದರೆ ಅದು ಬೇರೆಯೇ ಕಾಯಿಲೆ, ಕಾಯುತ್ತ ಕೂರಬಾರದು.

ಐದು ತಿಂಗಳಾಯಿತು. ತೂಕ 77ಕ್ಕೆ ಬಂದಿದೆ, ಬಹುಪಾಲು ರಾತ್ರಿಯ ಎರಡನೇ ಸಲದ ಅನ್ನ ಬಿಟ್ಟದ್ದರಿಂದ. ಮೊನ್ನೆ ಓಟದ ಪಾಳಿ ಮುಗಿಸಿ ನಡೆಯುತ್ತಿದ್ದೆ. ಹೆಡ್ ಕಾನ್‌ಸ್ಟೇಬಲ್ ಹಿಂದಿನಿಂದ ಬಂದು, ಕೈ ಬೀಸಿಕೊಂಡು ನನ್ನನ್ನು ದಾಟಿ ಹೋದರು. ನಾನು ಗಡಿಯಾರ ನೋಡಿಕೊಂಡೆ. ಇನ್ನೂ ನಲವತ್ತು ಸೆಕೆಂಡ್ ಬಾಕಿ ಇತ್ತು.