ಮಲ್ಲಯ್ಯನ ದಾರಿಗೆ ಇನ್ನೊಂದು ಜೋಡು

ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಟ್ರೆಕ್ಕಿಂಗ್ ಹುಚ್ಚಿನವರು ನಾಲ್ಕೈದು ಮಂದಿ ಇದ್ದೇವೆ. ವಾರವೆಲ್ಲ ಗಚ್ಚಿಬೌಲಿ, ನಾನಕ್‌ರಾಮ್‌ಗುಡದ ಆಫೀಸುಗಳಲ್ಲಿ ಕೂತು, ವರ್ಷಕ್ಕೊಮ್ಮೆ ಹಿಮಾಲಯಕ್ಕೋ ಕುಮಾರ ಪರ್ವತಕ್ಕೋ ಹೊರಡುವವರು. ನಮ್ಮಲ್ಲಿ ಮುಗಿಯದ ವಾದ ಒಂದಿದೆ: ಕ್ಯಾಂಪ್ ಶೂ ಬೇಕೋ ಬೇಡವೋ? ದಿನವಿಡೀ ನಡೆದು ಬೂಟು ಬಿಚ್ಚಿದ ಮೇಲೆ ಡೇರೆಯ ಸುತ್ತ ಓಡಾಡಲು ಹಾಕಿಕೊಳ್ಳುವ ಹಗುರ ಪಾದರಕ್ಷೆಗೆ ಆ ಹೆಸರು. ಅಮೆರಿಕದಲ್ಲಿ ಸುಮಾರು 3,500 ಕಿ.ಮೀ. ಉದ್ದದ ಅಪಲಾಚಿಯನ್ ಟ್ರೇಲ್ ನಡೆಯುವವರೂ ಇದನ್ನೇ ವಾದಿಸುತ್ತಾರೆ. ಬ್ರಷ್ಷಿನ ಹಿಡಿ ಕತ್ತರಿಸಿ ತೂಕ ಉಳಿಸುವ ಜಾತಿಯವರು ಬೇಡ ಅನ್ನುತ್ತಾರೆ. ಒದ್ದೆ ಬೂಟಿನಲ್ಲಿ ಒಂದು ರಾತ್ರಿ ಕಳೆದವರು ಬೇಕೇ ಬೇಕು ಅನ್ನುತ್ತಾರೆ.

ನನ್ನ ಮಟ್ಟಿಗೆ ಈ ವಾದ ತೀರಿದ್ದು ಶ್ರೀಶೈಲದ ದಾರಿಯಿಂದ.

ಯುಗಾದಿ ಹತ್ತಿರ ಬಂತೆಂದರೆ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಕಡೆಯ ಸಾವಿರಾರು ಜನ ಮಲ್ಲಯ್ಯನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆದೇ ಹೋಗುತ್ತಾರೆ. ಭ್ರಮರಾಂಬೆ ನಮ್ಮ ಮನೆಮಗಳು, ಮಲ್ಲಯ್ಯ ಅಳಿಯ. ಮಗಳಿಗೆ ಸೀರೆ-ಕುಪ್ಪಸ ಒಯ್ಯುವ ತವರಿನವರ ಗತ್ತಿನಲ್ಲೇ ಹೊರಡುತ್ತಾರೆ. ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ನಡೆದದ್ದೂ ಇದೇ ಬೆಟ್ಟಕ್ಕೆ. ನಮ್ಮ ಇಳಕಲ್ಲಿನ ಕಡೆಯಿಂದ 300 ಕಿ.ಮೀ.ಗೂ ಹೆಚ್ಚು, ಹತ್ತು ಹನ್ನೆರಡು ದಿನದ ನಡಿಗೆ. ಕರ್ನೂಲು ದಾಟಿ ಆತ್ಮಕೂರು, ವೆಂಕಟಾಪುರ. ಅಲ್ಲಿಂದ ನಲ್ಲಮಲ ಕಾಡು: ನಾಗಲೂಟಿ, ಪೆದ್ದಚೆರುವು, ಭೀಮುನಿ ಕೊಲನು, ಕೈಲಾಸ ದ್ವಾರ. ನಾವು ದುಡ್ಡು ಕಟ್ಟಿ ಹೋಗುವ ಎಷ್ಟೋ ಟ್ರೆಕ್‌ಗಳು ಇದರ ಮುಂದೆ ಸಂಜೆಯ ವಾಕಿಂಗ್ ಅಷ್ಟೇ. ಬಹಳ ಜನ ನಡೆಯುವುದು ಬರಿಗಾಲಲ್ಲಿ.

ನಮ್ಮ ದೊಡ್ಡಪ್ಪನೂ ಹಾಗೇ ನಡೆದವರು. ಈಗ ಅರವತ್ತನಾಲ್ಕು, ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ. ಹೋದ ದೀಪಾವಳಿಯಲ್ಲಿ ಡಾಕ್ಟರು ಅವರ ಪಾದಕ್ಕೆ ನೈಲಾನ್ ಎಳೆಯೊಂದನ್ನು ಒತ್ತಿ ನೋಡಿದರು. 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ ಅದು. ಮೂರು ಕಡೆ ಒತ್ತಿದ್ದು ದೊಡ್ಡಪ್ಪನಿಗೆ ಗೊತ್ತೇ ಆಗಲಿಲ್ಲ. ಇನ್ನು ಮನೆಯೊಳಗೂ ಬರಿಗಾಲು ಬೇಡ ಎಂದರು ಡಾಕ್ಟರು. "ಹಂಗಂತ ಮಲ್ಲಯ್ಯನ್ನ ಬಿಡಾಕ ಬರ್ತದೇನು?" ಎಂದರು ದೊಡ್ಡಪ್ಪ. ಕೊನೆಗೆ ಕಂಬಿಯ ಹಿರಿಯರೊಬ್ಬರು "ಹರಕಿ ನಡಿಗಿದು, ಕಾಲು ಉಳಿದ್ರ ಬರೋ ವರ್ಷಾನೂ ನಡೀತೀ" ಎಂದು ಬಿಡಿಸಿಕೊಟ್ಟರು. ಹಗಲಿಗೆ ಸಾಕ್ಸು, ಕ್ಯಾನ್ವಾಸ್ ಶೂ ಎಂದಾಯಿತು.

ಆದರೆ ನಿಜವಾದ ಅಪಾಯ ಸಂಜೆಯದು. ತಂಗುವ ಜಾಗ ಬಂದ ಕೂಡಲೇ ಎಲ್ಲರೂ ಕಾಲು ಬಿಡುಗಡೆ ಮಾಡುತ್ತಾರೆ. ನಳಕ್ಕೆ, ಊಟದ ಸಾಲಿಗೆ, ಕತ್ತಲಲ್ಲಿ ಗಿಡದ ಮರೆಗೆ ಹೋಗುವುದೆಲ್ಲ ಬರಿಗಾಲಲ್ಲೇ. ಆ ಸೀಮೆಯ ತುಂಬ ಬಳ್ಳಾರಿ ಜಾಲಿ. ನಿಮಗೆ ನನಗೆ ಮುಳ್ಳು ಚುಚ್ಚಿದರೆ ಚೀರುತ್ತೇವೆ. ಸ್ಪರ್ಶವಿಲ್ಲದ ಪಾದ ಮುಳ್ಳನ್ನು ಇಟ್ಟುಕೊಂಡೇ ಮಲಗುತ್ತದೆ, ಬೆಳಗ್ಗೆ ಮತ್ತೆ ಮೂವತ್ತು ಕಿಲೋಮೀಟರ್ ನಡೆಯುತ್ತದೆ. ಬೆರಳು, ಕೆಲವೊಮ್ಮೆ ಪಾದವನ್ನೇ ತೆಗೆಸುವ ಹುಣ್ಣುಗಳು ಶುರುವಾಗುವುದು ಹೀಗೇ.

ಹಾಗಾಗಿ ಈ ಸಲ ಕ್ಯಾಂಪ್ ಶೂ ಹುಡುಕಿದ್ದು ದೊಡ್ಡಪ್ಪನಿಗಾಗಿ. ಮೊದಲು ಕೈಬಿಟ್ಟದ್ದು ಹವಾಯಿ ಚಪ್ಪಲಿ. ಅಗ್ಗ, ಹಗುರ ಎಲ್ಲ ನಿಜ. ಆದರೆ ಹೆಬ್ಬೆರಳ ಸಂದಿನ ಪಟ್ಟಿ ಅಲ್ಲೇ ಉಜ್ಜಿ ಗಾಯ ಮಾಡುತ್ತದೆ, ಸಾಕ್ಸಿನ ಮೇಲೆ ಹಾಕಲೂ ಆಗದು. ಸಾಕ್ಸು ಬೇಕೇ ಬೇಕು, ಅದೂ ಬಿಳಿಯದು. ರಕ್ತವೋ ಕೀವೋ ಒಸರಿದ್ದರೆ ಬಿಳಿಯಲ್ಲಿ ಕಾಣುತ್ತದೆ. ಒಂದೇ ಅಗಲ ಪಟ್ಟಿಯ ಸ್ಲಿಪ್ಪರ್ ಕತ್ತಲಲ್ಲಿ ಜಾರಿಹೋಗುತ್ತದೆ. ಉಳಿದದ್ದು ಮುಂಭಾಗ ಮುಚ್ಚಿದ, ಹಿಮ್ಮಡಿಗೆ ಪಟ್ಟಿ ಇರುವ ಫೋಮಿನ ಕ್ಲಾಗ್, ನಾವು ಯಾವ ಕಂಪನಿಯದಾದರೂ ಕ್ರಾಕ್ಸ್ ಎಂದೇ ಕರೆಯುವುದು. ಇವಿಎ ಫೋಮಿನ ಗಾಳಿಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುವುದಿಲ್ಲ, ಆದ್ದರಿಂದ ನೀರು ಹೀರುವುದಿಲ್ಲ, ಒರೆಸಿದರೆ ಒಣಗಿತು. ಬಿಸಿಗೆ ಮಾತ್ರ ಕುಗ್ಗುತ್ತದೆ, ಒಲೆಯ ಪಕ್ಕದಲ್ಲೋ ಬಿಸಿಲಲ್ಲಿ ನಿಂತ ಕಾರಿನಲ್ಲೋ ಬಿಡಬಾರದು. ಒದ್ದೆ ಕಲ್ಲಿನ ಮೇಲೆ ಜಾರುತ್ತದೆ, ಭೀಮುನಿ ಕೊಲನಿನ ಮೆಟ್ಟಿಲಿಗಂತೂ ಅಲ್ಲ.

ಇದರ ದೊಡ್ಡ ದೋಷ ಮೆತ್ತನೆಯ ಅಡಿ. ತೆಳು ಫೋಮನ್ನು ಜಾಲಿ ಮುಳ್ಳು ಸಲೀಸಾಗಿ ದಾಟುತ್ತದೆ. ಅಂಗಡಿಯಲ್ಲಿ ಬೆರಳುಗಳ ಕೆಳಗಿನ ಭಾಗ ಒತ್ತಿ ನೋಡಿ, ದಪ್ಪ ಅಡಿಯದನ್ನೇ ಆರಿಸಿದೆ. ಒಳಗೆ ಇನ್ನೊಂದು ಅಟ್ಟೆ ಹಾಕಿಸಿದೆ. ಕೊಂಡದ್ದು ಸಂಜೆಯೇ, ಕಾಲು ಊದಿಕೊಂಡಿರುವ ಹೊತ್ತು. ದೊಡ್ಡಪ್ಪನ ಅಳತೆ ಎಂಟು, ತಂದದ್ದು ಒಂಬತ್ತು. ಹಾಕಿಕೊಳ್ಳುವ ಮುನ್ನ ಪ್ರತಿ ಸಲ ಕೊಡವಿ, ಕೈಯಿಂದ ಒಳಗೆ ತಡವಿ ನೋಡಬೇಕು. ಕಲ್ಲಿರಬಹುದು, ಚೇಳೂ ಇರಬಹುದು. ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲಿ ನೋಡುವ ಕೆಲಸ ಜೊತೆಗೆ ನಡೆಯುವ ತಮ್ಮನದು.

ತೂಕದ ಮಾತಿಗೆ ಬಂದರೆ, ಅಡುಗೆಮನೆಯ ತಕ್ಕಡಿಯಲ್ಲಿ ಜೋಡು 340 ಗ್ರಾಂ ತೂಗಿತು. ಆತ್ಮಕೂರಿನ ತನಕ ಸಾಮಾನೆಲ್ಲ ಟ್ರ್ಯಾಕ್ಟರಿನಲ್ಲಿ, ತೂಕದ ಚಿಂತೆಯಿಲ್ಲ. ಅಲ್ಲಿಂದ ಗಾಡಿ ದೋರ್ನಾಲದ ರಸ್ತೆ ಹಿಡಿದು ಸುತ್ತಿಬರುತ್ತದೆ, ಕಾಡಿನ ನಡಿಗೆಯಲ್ಲಿ ಎಲ್ಲವೂ ಹೆಗಲ ಮೇಲೆ. ಅರ್ಧ ಲೀಟರ್ ನೀರಿಗಿಂತ ಕಡಿಮೆ ಭಾರ. ನೀರನ್ನಂತೂ ಬಿಡುವಂತಿಲ್ಲ. ಎರಡನೇ ಪಂಚೆ ಬಿಟ್ಟು ಇದನ್ನು ಒಯ್ಯಿರಿ ಎಂದಿದ್ದೇನೆ.

ವಿಡಿಯೊ ಕಾಲ್‌ನಲ್ಲಿ ತೋರಿಸಿದರೆ ದೊಡ್ಡಪ್ಪ ನಕ್ಕರು. "ತಮ್ಮಾ, ಬಾತುಕೋಳಿ ಕಾಲಿದ್ದಂಗೈತಿ, ಕಂದು ಬಣ್ಣದ್ದು ಸಿಗಲಿಲ್ಲೇನು?" ಸಿಕ್ಕಿತ್ತು. ಕತ್ತಲಲ್ಲಿ ನೂರಾರು ಚಪ್ಪಲಿಗಳ ನಡುವೆ ಹುಡುಕಲು ಹಳದಿಯೇ ಸರಿ ಎಂದು ಬದಲಾಯಿಸಿಲ್ಲ. ಬರುವ ಶುಕ್ರವಾರ ಲಿಂಗಸೂಗೂರಿಗೆ ಹೊರಟಿರುವ ಗೆಳೆಯನ ಕೈಯಲ್ಲಿ, ಆರು ಜೊತೆ ಬಿಳಿ ಸಾಕ್ಸಿನೊಂದಿಗೆ ಕಳಿಸುತ್ತಿದ್ದೇನೆ.